ಆರನೇ ಅಂಕಿ

ಹನ್ನೊಂದು ಸರ್ವರ್‌ಗಳನ್ನು ಕ್ಲೌಡಿಗೆ ಸಾಗಿಸಬೇಕು ಎಂದು ಆಸ್ಪತ್ರೆಯ ಮಂಡಳಿ ತೀರ್ಮಾನಿಸಿದ ದಿನ ನಾನು ಖುಷಿಪಟ್ಟವಳೇ. ಆ ಹನ್ನೊಂದು ಪೆಟ್ಟಿಗೆಗಳ ಜೊತೆ ಇಪ್ಪತ್ತೆರಡು ವರ್ಷ ಏಗಿದ್ದೇನೆ. ಅವು ಇರುವ ಕೋಣೆ ಲಾಂಡ್ರಿಯ ಪಕ್ಕದಲ್ಲಿದೆ. ಗೋಡೆಯ ಆಚೆ ಹಾಸಿಗೆ ಬಟ್ಟೆಗಳು ಬೇಯುತ್ತವೆ, ಈಚೆ ನಾವು ಏಸಿ ಹಾಕಿಕೊಂಡು ತಣ್ಣಗಿಡಲು ಒದ್ದಾಡುತ್ತೇವೆ. ಯಾವ ಪುಣ್ಯಾತ್ಮ ಈ ಎರಡನ್ನು ಅಕ್ಕಪಕ್ಕ ಕಟ್ಟಿಸಿದನೋ, ಅವನು ಸಿಕ್ಕರೆ ಎರಡು ಮಾತು ಕೇಳಬೇಕು ಅಂತ ಇಷ್ಟು ವರ್ಷ ಕಾದಿದ್ದೇನೆ. ಎಕ್ಸ್‌ರೇ, ರಕ್ತಪರೀಕ್ಷೆ, ಯಾರಿಗೆ ಯಾವ ಹಾಸಿಗೆ, ಯಾವ ಡಾಕ್ಟರಿಗೆ ಯಾವಾಗ ರಜೆ, ಎಲ್ಲವೂ ಆ ಪೆಟ್ಟಿಗೆಗಳಲ್ಲೇ ಇವೆ.

ಸಾಗಿಸುವುದು ಎಂದರೆ ಲಾರಿಗೆ ಹೇರಿ ಕಳಿಸುವುದಲ್ಲ. ಒಳಗಿರುವುದನ್ನೆಲ್ಲ ತಂತಿಯ ಮೂಲಕ, ಎಲ್ಲೋ ದೂರದಲ್ಲಿರುವ ಬೇರೆಯವರ ಯಂತ್ರಗಳಿಗೆ ನಕಲು ಮಾಡಬೇಕು. ನಕಲು ಪೂರ್ತಿಯಾದ ದಿನ ಇಲ್ಲಿಯದನ್ನು ಆರಿಸಿ ಅಲ್ಲಿಯದನ್ನು ಚಾಲೂ ಮಾಡಬೇಕು. ಕೇಳಲು ಇಷ್ಟೇ. ಆದರೆ ಅದಕ್ಕೆ ಮುಂಚಿನ ತಯಾರಿ ಇದೆಯಲ್ಲ, ಅದು ಜೀವ ಹಿಂಡುತ್ತದೆ. ತಯಾರಿಗೆಂದು ಮಂಡಳಿಯವರು ಒಬ್ಬ ಸಲಹೆಗಾರನನ್ನು ಗೊತ್ತು ಮಾಡಿದ್ದರು. ನಾನು ಅವನನ್ನು ಮುಖತಃ ನೋಡಿಲ್ಲ, ಪರದೆಯ ಮೇಲಷ್ಟೇ. ಅವನು ಬಾಯಿ ತೆರೆದರೆ ಪಟ್ಟಿ, ಮುಚ್ಚಿದರೆ ಇನ್ನೊಂದು ಪಟ್ಟಿ. ನಮ್ಮ ವಿಭಾಗದಲ್ಲಿ ಅವನಿಗೆ ಪಟ್ಟಿಯಪ್ಪ ಅಂತಲೇ ಹೆಸರಾಯಿತು.

ಪಟ್ಟಿಯಪ್ಪನ ಪಟ್ಟಿಯಲ್ಲಿ ಮೂವತ್ತೇಳು ಸಾಲುಗಳಿದ್ದವು. ನಮ್ಮ ಒಳಗಿನ ಯಂತ್ರಗಳ ವಿಳಾಸಗಳೂ ಅಲ್ಲಿ ಕೊಡುವ ವಿಳಾಸಗಳೂ ಒಂದಕ್ಕೊಂದು ತಾಗಬಾರದು; ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆಯವನು ಏನು ಮಾಡಬೇಕು ಹೇಳಿ. ಪ್ರತಿ ಸರ್ವರ್‌ನಿಂದಲೂ ಹೊರಗೆ ಹೋಗಲು ಎರಡು ಬಾಗಿಲು ತೆರೆದಿರಬೇಕು, ಮಾತುಕತೆಗೆ ನಾನೂರ ನಲವತ್ತಮೂರನೇ ಪೋರ್ಟ್, ನಕಲು ಸಾಗಿಸಲು ಸಾವಿರದ ಐನೂರನೇದು. ಈ ಕೆಲಸಕ್ಕೆಂದೇ ಒಂದು ಸಣ್ಣ ಖಾತೆ ಬೇಕು, ಅದಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು, ಹೆಚ್ಚು ಕೊಟ್ಟರೆ ಅಪಾಯ. ಒಂದು ತಿಂಗಳು ಕೂತು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಬಂದೆ. ಮೂವತ್ತಾರಕ್ಕೆ ಟಿಕ್ ಬಿತ್ತು. ಮೂವತ್ತೊಂದನೇ ಸಾಲು ಮಾತ್ರ ಹಾಗೇ ಉಳಿಯಿತು.

"ಮೇಡಂ, ಮೂವತ್ತೊಂದು ಏನಾಯ್ತು?" ಎಂದು ಪಟ್ಟಿಯಪ್ಪ ಕೇಳಿದ. "ಮುಖ್ಯ ಖಾತೆಗೆ ಲಾಗಿನ್ ಆಗಿ, ಎರಡನೇ ಹಂತದ ಫೋನ್ ನಂಬರ್ ಖಾತ್ರಿ ಮಾಡ್ಬೇಕು. ಅದಿಲ್ದೆ ಸಣ್ಣ ಖಾತೆ ಮಾಡೋಕೇ ಆಗಲ್ಲ."

"ಗೊತ್ತಿದೆಯಪ್ಪ. ಅದನ್ನ ಬಿಟ್ಟು ಹೊಸ ಖಾತೆ ತೆರೆದ್ರೆ ಆಗಲ್ವಾ?"

"ಹಳೇ ಖಾತೆಯಲ್ಲೇ ನಿಮ್ಮ ನಾಲ್ಕು ವರ್ಷದ ಬ್ಯಾಕಪ್ ಇದೆಯಲ್ಲ ಮೇಡಂ. ನಿಮ್ಮ ವೆಬ್ ವಿಳಾಸ ಅದ್ರಲ್ಲೇ ಇದೆ. ಆ ನಂಬರ್ ಯಾರದ್ದು? ಅವ್ರಿಗೆ ಹೇಳಿದ್ರೆ ಎರಡು ನಿಮಿಷದ ಕೆಲಸ."

ಯಾರಿಗೆ ಹೇಳುವುದು? ನಂಬರ್ ಚೀಟಿಯದು. ಚೀಟಿ ಸತ್ತು ಮೂರು ವರ್ಷವಾಗಿದೆ.

ಚೀಟಿ ನನ್ನ ಕೈಕೆಳಗೆ ಆರು ವರ್ಷ ಕೆಲಸ ಮಾಡಿದವನು. ಅವನಿಗೆ ಬೇರೆ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ. ಕೋಣೆಯಲ್ಲಿರುವ ಪ್ರತಿಯೊಂದು ತಂತಿಗೂ ಬಿಳಿ ಚೀಟಿ ಕತ್ತರಿಸಿ ಅಂಟಿಸುತ್ತಿದ್ದ. "ಇದು ಎಕ್ಸ್‌ರೇ. ಕಿತ್ತರೆ ಬೈಗುಳ ಗ್ಯಾರಂಟಿ." "ಇದು ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ, ಮುಟ್ಟಬೇಡಿ." ಒಂದು ದಿನ ನಾನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಕುರ್ಚಿಯ ಬೆನ್ನಿಗೂ ಒಂದು ಅಂಟಿಸಿದ್ದ: "ಹೈ ವೋಲ್ಟೇಜ್." ಇಡೀ ಕಾರಿಡಾರು ಓದಿ ನಕ್ಕ ಮೇಲೆ ನನಗೆ ಗೊತ್ತಾಗಿದ್ದು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ನಾನೇನೂ ಅಲ್ಲವೆನ್ನುವುದಿಲ್ಲ. ಬೈದರೆ ಉಳಿದವರೆಲ್ಲ ಮುಖ ಊದಿಸಿಕೊಳ್ಳುತ್ತಿದ್ದರು, ಇವನೊಬ್ಬ "ಆಯ್ತು ಮೇಡಂ, ಇನ್ನೂ ಏನಾದ್ರೂ ಬಾಕಿ ಇದ್ರೆ ಬೈದ್ಬಿಡಿ, ನಾನು ಊಟಕ್ಕೆ ಹೋಗ್ಬೇಕು" ಎನ್ನುತ್ತಿದ್ದ. ನನಗೆ ಅವನನ್ನು ಕಂಡರೆ ಇಷ್ಟ. ಅದನ್ನು ಒಂದು ದಿನವೂ ಹೇಳಲಿಲ್ಲ.

ಕ್ಲೌಡಿನ ಮುಖ್ಯ ಖಾತೆ ತೆರೆದವನು ಅವನೇ, ಬ್ಯಾಕಪ್ ಇಡಲಿಕ್ಕೆಂದು. ಆ ಖಾತೆಯೊಳಗೆ ಹೋಗಬೇಕಾದರೆ ಪಾಸ್‌ವರ್ಡ್ ಹಾಕಬೇಕು, ಆಮೇಲೆ ಒಂದು ಫೋನಿಗೆ ಆರು ಅಂಕಿಯ ಕೋಡ್ ಬರುತ್ತದೆ, ಅದನ್ನೂ ಹಾಕಬೇಕು. ಕಚೇರಿಗೊಂದು ಸಿಮ್ ಕೊಡಿ ಎಂದು ಅರ್ಜಿ ಹಾಕಿದ್ದೆವು, ಅದು ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. "ಸದ್ಯಕ್ಕೆ ನನ್ನ ನಂಬರೇ ಹಾಕಿರ್ತೀನಿ ಮೇಡಂ" ಅಂದ. ನಮ್ಮ ಕೆಲಸದಲ್ಲಿ ಸದ್ಯಕ್ಕೆ ಎಂದು ಮಾಡಿದ್ದು ಮಾಡಿದವನು ನಿವೃತ್ತನಾಗುವ ತನಕ ಹಾಗೇ ಇರುತ್ತದೆ. ಎರಡು ತಿಂಗಳಿಗೆ ಸಿಮ್ ಬಂತು. ನಂಬರ್ ಬದಲಾಯಿಸೋಣ, ಐದು ನಿಮಿಷ ಸಾಕು ಎಂದು ಮೂರು ಸಲ ಬಂದು ಕೇಳಿದ. "ಆಮೇಲೆ ನೋಡೋಣ, ತಲೆ ತಿನ್ನಬೇಡ" ಎಂದು ಮೂರು ಸಲವೂ ಅಟ್ಟಿದೆ. ಸಿಮ್ಮು ನನ್ನ ಡ್ರಾಯರಿನಲ್ಲಿ ಸ್ಟೇಪ್ಲರ್ ಪಿನ್ನುಗಳ ಜೊತೆ ಬಿದ್ದಿತ್ತು.

ಆ ಶನಿವಾರ ಅವನಿಗೆ ರಜೆ. ನಾನು ಕಚೇರಿಯಲ್ಲಿದ್ದೆ, ಮುಖ್ಯ ಖಾತೆಯೊಳಗೆ ನನಗೊಂದು ಕೆಲಸವಿತ್ತು. ಪಾಸ್‌ವರ್ಡ್ ಹಾಕಿದೆ, ಕೋಡ್ ಅವನ ಫೋನಿಗೆ ಹೋಯಿತು. ಕಚೇರಿಯ ಮೆಸೇಜ್ ಆಪಿನಲ್ಲಿ ಅವನಿಗೆ ಕರೆ ಮಾಡಿದೆ. "ಗಾಡಿ ಮೇಲಿದೀನಿ ಮೇಡಂ, ಹತ್ತು ನಿಮಿಷ" ಅಂದ. "ಕೋಡು ಹತ್ತು ನಿಮಿಷ ಇರಲ್ಲ ಕಣೋ, ಈಗಲೇ ಕಳಿಸು" ಅಂದೆ. ಗಾಡಿ ನಿಲ್ಲಿಸಿ ಕಳಿಸು ಅಂದೆನೋ ಇಲ್ಲವೋ, ನೆನಪಿಲ್ಲ. ಅಂದಿದ್ದೆ ಎಂದು ನೆನಪು ಮಾಡಿಕೊಳ್ಳಲು ಮೂರು ವರ್ಷದಿಂದ ಪ್ರಯತ್ನಪಟ್ಟಿದ್ದೇನೆ. ತಿರುವಿನಲ್ಲಿ ಎದುರಿಂದ ವ್ಯಾನ್ ಬಂತು. ನೋಡಿದವರು, ಅವನ ಕೈಯಲ್ಲಿ ಫೋನ್ ಇತ್ತು, ಕಣ್ಣು ಅದರ ಮೇಲೇ ಇತ್ತು ಎಂದರು.

ಮರುದಿನ ಭಾನುವಾರ. ಕೆಲಸ ಬಿಟ್ಟವರ ಖಾತೆಯನ್ನು ಮುಚ್ಚುವುದು, ಅವರ ಫೋನಿನಲ್ಲಿರುವ ಕಚೇರಿಯ ಮೆಸೇಜುಗಳನ್ನು ದೂರದಿಂದಲೇ ಅಳಿಸುವುದು, ಇದು ನಮ್ಮ ಕ್ರಮ. ನಿವೃತ್ತರಾದವರ ವಿಷಯದಲ್ಲಿ ಅದಕ್ಕೆ ನಾನು ಎರಡೆರಡು ವಾರ ತೆಗೆದುಕೊಂಡದ್ದುಂಟು. ಚೀಟಿಯದನ್ನು ಭಾನುವಾರ ಬೆಳಿಗ್ಗೆ ಎಂಟಕ್ಕೇ ಬಂದು ಮುಗಿಸಿದೆ. ಗುಂಡಿ ಒತ್ತುವಾಗ ಕ್ರಮಪ್ರಕಾರ ಮಾಡುತ್ತಿದ್ದೇನೆ ಎಂದೇ ಹೇಳಿಕೊಂಡೆ. ನನ್ನ ಕರೆ, ನಾನು ಬರೆದದ್ದು, ಅವನು ಬರೆದದ್ದು, ಎಲ್ಲ ಹೋಯಿತು. ಅಲ್ಲಿಂದ ನೇರ ಅವನ ಮನೆಗೆ ಹೋದೆ.

ಅವನ ಮನೆಯಲ್ಲಿ ತಾಯಿ ಮತ್ತು ಅಕ್ಕ. ಅವನು ಸಣ್ಣವನಿದ್ದಾಗಲೇ ತಂದೆ ಹೋಗಿದ್ದರಿಂದ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಓದಿಸಿದವಳು ಆ ಅಕ್ಕನೇ, ಮದುವೆಯ ಮಾತೆತ್ತಿದವರನ್ನೆಲ್ಲ ಸಾಗಹಾಕಿ. ನಾನು ಹೋದಾಗ ಅವಳು ನೆಲದ ಮೇಲೆ ಕೂತಿದ್ದಳು. ಪೊಲೀಸರು ತಂದುಕೊಟ್ಟ ಫೋನ್ ಮಡಿಲಲ್ಲಿತ್ತು. ಅದರಲ್ಲಿ ಉಳಿದಿದ್ದದ್ದು ಒಂದೇ ಕರೆ, ಅವಳದು, ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ, ಅವನು ಎತ್ತಿರಲಿಲ್ಲ. "ಗುಂಡಿ ತಗೊಂಡ್ ಬಾ ಅನ್ನೋಕೆ ಮಾಡ್ದೆ ಮೇಡಂ, ಕಪ್ಪು ಗುಂಡಿ. ಆ ಫೋನ್ ಎತ್ಕೊಳ್ಳೋಕೆ ಹೋಗಿ ಸತ್ತ. ನಾನೇ ಕೊಂದೆ" ಎಂದು ನನ್ನ ಕೈ ಹಿಡಿದುಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿದೆ. "ಹಾಗೆಲ್ಲ ಅಂದ್ಕೋಬೇಡಮ್ಮ" ಅಂದೆ. ಅಷ್ಟೇ ಅಂದದ್ದು. ಎದ್ದು ಬಂದೆ. ಆಮೇಲೆ ಆ ಬೀದಿಗೆ ಕಾಲಿಡಲಿಲ್ಲ. ಆ ಕಡೆ ಕೆಲಸವಿದ್ದರೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ.

ಈಗ ಮೂವತ್ತೊಂದನೇ ಸಾಲು ನನ್ನನ್ನು ಅಲ್ಲಿಗೇ ಕಳಿಸುತ್ತಿತ್ತು. ಕ್ಲೌಡ್ ಕಂಪನಿಯವರಿಗೆ ಮರಣಪತ್ರ ಕೊಟ್ಟು, ಮಂಡಳಿಯಿಂದ ಮೊಹರು ಹಾಕಿಸಿ ಬೇಡಿಕೊಂಡರೂ ಆರೇಳು ವಾರ ಬೇಕು ಅಂದರು. ಅಷ್ಟರೊಳಗೆ ಮೂರು ಹಳೇ ಸರ್ವರ್‌ಗಳು ಕೈಕೊಡುವುದು ಖಂಡಿತ ಎಂದು ನಾನೇ ಮಂಡಳಿಗೆ ಬರೆದುಕೊಟ್ಟಿದ್ದೆ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಕಳಿಸಿದರೆ ಅವಳು ಆ ಫೋನಿನಲ್ಲಿ ಏನು ನೋಡುತ್ತಾಳೋ, ಹೋದವರು ಅವಳೆದುರು ಏನು ಬಾಯಿ ಬಿಡುತ್ತಾರೋ ಎನ್ನುವ ಹೆದರಿಕೆ. ನಾನೇ ಹೊರಟೆ. ಕೋಡ್ ಕೇಳಬೇಕು, ತೆಗೆದುಕೊಳ್ಳಬೇಕು, ಬರಬೇಕು. ಮನಸ್ಸಿನಲ್ಲಿದ್ದದ್ದು ಅಷ್ಟೇ.

ಮನೆ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲ ಬಳಿ ನಿಂತು ಧೈರ್ಯ ಕೂಡಿಸಿಕೊಳ್ಳುತ್ತಿದ್ದವಳನ್ನು ರಿಪೇರಿಯವನು ಗಿರಾಕಿ ಎಂದುಕೊಂಡ.

"ಬಟ್ಟೆ ಕೊಟ್ಟಿದ್ರಾ ಅಮ್ಮ? ನಾನು ಫೋನ್ ಮಾಡಿರ್ಲಿಲ್ವಲ್ಲ ನಿಮಗೆ."

"ನೀವ್ಯಾಕೆ ಮಾಡ್ತೀರಿ?"

"ಆ ಯಮ್ಮ ಯಾರಿಗೂ ಫೋನ್ ಮಾಡಲ್ಲ. ಬಂದ್ರೆ ಎತ್ತಾರೆ, ತಾವಾಗಿ ಮಾಡಲ್ಲ. ಮೂರು ವರ್ಷ ಆಯ್ತು. ಬಟ್ಟೆ ರೆಡಿ ಆದ್ರೆ ನಾನೇ ಗಿರಾಕಿಗಳಿಗೆ ಹೇಳ್ಬೇಕು. ಕೈಯಲ್ಲಿ ಗ್ರೀಸು, ಬಾಯಲ್ಲಿ ಬ್ಲೌಸು. ಮೊನ್ನೆ ಒಬ್ರ ಗಂಡ ಎತ್ತಿದ್ರು, ನನ್ನ ಹೆಂಡ್ತಿ ಬ್ಲೌಸ್ ಅಳತೆ ನಿನಗ್ಯಾಕಯ್ಯಾ ಗೊತ್ತು ಅಂತ ಒಂದು ಗಂಟೆ ಜಗಳ" ಎಂದು ನಕ್ಕ. ನಾನೂ ನಗಬೇಕಿತ್ತು, ಆಗಲಿಲ್ಲ.

ಮೇಲೆ ಹೋದೆ. ಬಾಗಿಲು ತೆರೆದೇ ಇತ್ತು. ಕಿಟಕಿಗೆ ಎದುರಾಗಿ ಯಂತ್ರ, ಹಗ್ಗದ ಮೇಲೆ ಅರ್ಧ ಹೊಲಿದ ಶಾಲಾ ಅಂಗಿಗಳು, ನೆಲದ ತುಂಬ ಕತ್ತರಿಸಿದ ನೀಲಿ ಚೂರುಗಳು. ಅವಳಿಗೆ ನಲವತ್ತೆರಡೋ ನಲವತ್ತಮೂರೋ ಇರಬೇಕು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. "ಬನ್ನಿ ಮೇಡಂ, ಬನ್ನಿ" ಎಂದು ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಬಾಚಿ ಮಂಚದ ಮೇಲೆ ಹಾಕಿದಳು. ಮೂರು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ವಿಷಯ ಹೇಳಿದೆ. ಅವನು ತೆರೆದ ಖಾತೆ, ಅವನ ನಂಬರ್, ಒಂದು ಕೋಡ್ ಬರುತ್ತದೆ, ಅದು ಬೇಕು. ಆಸ್ಪತ್ರೆಯವರು ಸಿಮ್ ಇನ್ನೂ ಇದೆಯೋ ಇಲ್ಲವೋ ಎಂದು ಅನುಮಾನಪಡುತ್ತಿದ್ದಾರೆ ಎಂದೂ ಹೇಳಿದೆ.

"ಇದೆ ಮೇಡಂ. ಬಿಟ್ಟಿಲ್ಲ. ರೀಚಾರ್ಜ್ ಮಾಡಿಸ್ತಾ ಇದೀನಿ." ಕಪಾಟಿನಿಂದ ಫೋನ್ ತಂದಳು. ಪರದೆಯ ಮೂಲೆ ಸೀಳಿತ್ತು, ಅದರ ಮೇಲೆ ಪಾರದರ್ಶಕ ಟೇಪ್ ಒತ್ತಿದ್ದಳು. "ಅವನ ಸ್ನೇಹಿತ್ರು ಇನ್ನೂ ಹುಟ್ಟಿದ ದಿನಕ್ಕೆ ಮೆಸೇಜ್ ಹಾಕ್ತಾರೆ. ಓದ್ತೀನಿ. ಉತ್ತರ ಕೊಡೋಕೆ ಬರಲ್ಲ. ಕೊಟ್ರೆ ಹೆದರ್ಕೊಂಡಾರು" ಎಂದು ಸಣ್ಣಗೆ ನಕ್ಕಳು. ನಗು ಅವನದೇ.

ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಹಾಕಿದೆ. ಕೋಡ್ ಬರುವುದನ್ನೇ ಕಾಯುತ್ತ ಇಬ್ಬರೂ ಫೋನಿನ ಮೇಲೆ ಬಗ್ಗಿದೆವು. ಟಿಂಗ್ ಎಂದಿತು. ಅವಳು ತೆರೆದಳು. ಹೊಸ ಕೋಡಿನ ಮೇಲೇ, ಅದೇ ಕಂಪನಿಯ ಹಿಂದಿನ ಮೆಸೇಜು ಇತ್ತು. ಆ ಶನಿವಾರದ ತಾರೀಖು, ಹನ್ನೊಂದು ಗಂಟೆ ಒಂಬತ್ತು ನಿಮಿಷ. ಆಪಿನೊಳಗಿನದನ್ನು ಅಳಿಸಿದ್ದೆ, ಇದು ಫೋನಿನದೇ ಮೆಸೇಜು, ನನ್ನ ಗುಂಡಿಗೆ ಸಿಗದ ಜಾಗ. ಅವಳು ಕನ್ನಡಕ ಹಣೆಯ ಮೇಲಿಂದ ಇಳಿಸಿಕೊಂಡು, ಬೆರಳಿಟ್ಟು, ಕೆಳಗಿನದನ್ನು ಮಾತ್ರ ಓದಿದಳು. ಆರು ಅಂಕಿ, ನಿಧಾನವಾಗಿ, ಒಂದೊಂದೇ. ಮೇಲಿನದರ ಕಡೆ ಅವಳ ಕಣ್ಣು ಹೋಗಲಿಲ್ಲ.

ಹಾಕಿದೆ. ಖಾತೆ ತೆರೆಯಿತು. ಅವನ ನಂಬರ್ ತೆಗೆದು ಕಚೇರಿಯ ನಂಬರ್ ಹಾಕಿದೆ. ಇಷ್ಟು ವರ್ಷ ತಳ್ಳಿದ್ದ ಕೆಲಸ, ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಪಟ್ಟಿಯಪ್ಪನಿಗೆ ಫೋನ್ ಮಾಡಿ ಹೇಳಿದೆ. "ಸೂಪರ್ ಮೇಡಂ. ಮೂವತ್ತೇಳಕ್ಕೆ ಮೂವತ್ತೇಳೂ ಆಯ್ತು. ಸೋಮವಾರದಿಂದ ನಕಲು ಶುರು ಮಾಡೋಣ" ಅಂದ. ಅವನ ಜೀವನದಲ್ಲಿ ಇದಕ್ಕಿಂತ ದೊಡ್ಡ ಸಂತೋಷ ಇಲ್ಲವೇನೋ ಅನ್ನುವ ಹಾಗಿತ್ತು.

ನಾನು ಮಾತಾಡುವಾಗ ಅವಳು ಮತ್ತೆ ಯಂತ್ರದ ಮುಂದೆ ಕೂತಿದ್ದಳು. ಮುಗಿಸಿ ಎದ್ದೆ. ಸುಮ್ಮನೆ ಹೋಗುವುದು ಸರಿಯಲ್ಲ ಎಂದು, "ಕೆಳಗಿನವರು ಹೇಳ್ತಿದ್ರು, ನೀನು ಯಾರಿಗೂ ಫೋನ್ ಮಾಡಲ್ವಂತೆ" ಅಂದೆ. ನನ್ನ ಬಾಯಿಗೆ ಬೆಂಕಿ ಹಾಕ, ಅದನ್ನು ಯಾಕೆ ಕೇಳಿದೆನೋ.

"ಕೈ ಬರಲ್ಲ ಮೇಡಂ" ಅಂದಳು. "ಯಾರು ಎಲ್ಲಿರ್ತಾರೋ. ರಸ್ತೇಲಿರ್ತಾರೋ, ಮೆಟ್ಟಿಲು ಇಳೀತಿರ್ತಾರೋ." ಒಂದು ಅಂಗಿಯ ತೋಳು ಮಗುಚಿದಳು. "ಅಮ್ಮನಿಗೂ ಮಾಡ್ಲಿಲ್ಲ. ಅವಳು ಆಗಲೇ ನನ್ನ ಬಿಟ್ಟು ಹೋದ್ಲು, ಸೋದರಮಾವನ ಮನೆಗೆ. ನಿನ್ನ ಫೋನೇ ನನ್ನ ಮಗನ್ನ ತಿಂತು, ನಿನ್ನ ಕೈಯಿಂದ ನೀರೂ ಕುಡಿಯಲ್ಲ ಅಂತ. ನಾನೇನು ಹೇಳ್ಲಿ? ಅವಳು ಹೇಳಿದ್ದು ನಿಜ ತಾನೆ."

"ಬರ್ತೀನಮ್ಮ" ಎಂದು ಹೊರಟೆ. ಬಾಗಿಲು ದಾಟಿ, ಮೆಟ್ಟಿಲು ಇಳಿದು, ರಿಪೇರಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ ಜಾಗಕ್ಕೆ ಬಂದು ನಿಂತೆ. ಕೆಲಸ ಆಗಿತ್ತು. ಅವಳು ಏನೂ ನೋಡಿರಲಿಲ್ಲ. ಇನ್ನು ಯಾವತ್ತೂ ಈ ಬೀದಿಗೆ ಬರುವ ಅಗತ್ಯವಿರಲಿಲ್ಲ. ಆದರೆ ತಾಯಿ ಮಗಳು ಮಾತು ಬಿಟ್ಟಿದ್ದಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಅವಳೊಬ್ಬಳ ಮನಸ್ಸಿನ ನೋವು, ಕಾಲ ಕಳೆದಂತೆ ಕರಗುತ್ತದೆ ಎಂದುಕೊಂಡು ನನ್ನನ್ನು ನಾನು ನಂಬಿಸಿಕೊಂಡಿದ್ದೆ. ಇದು ಹಾಗಲ್ಲ. ನಾನು ಒಂದು ಮಾತು ಹೇಳಿದರೆ ಆ ಮುದುಕಿ ಮನೆಗೆ ವಾಪಸು ಬರುತ್ತಾಳೆ. ಸತ್ತವನನ್ನು ತರಲಾರೆ, ಇಷ್ಟನ್ನಾದರೂ ಮಾಡಬಹುದು ಅನ್ನಿಸಿತು. ಮಾಡದಿದ್ದರೆ ನಾನು ಮನುಷ್ಯಳೇ ಅಲ್ಲ. ತಿರುಗಿ ಮೆಟ್ಟಿಲು ಹತ್ತಿದೆ.

"ಏನಾದ್ರೂ ಮರೆತ್ರಾ ಮೇಡಂ?"

"ಒಂದು ಮಾತು ಹೇಳ್ಬೇಕಮ್ಮ. ಕೂತ್ಕೋ."

"ಕೂತೇ ಇದೀನಲ್ಲ" ಅಂದಳು. ಆದರೆ ನನ್ನ ಮುಖ ನೋಡಿ ಕಾಲನ್ನು ಯಂತ್ರದ ಪೆಡಲಿನಿಂದ ತೆಗೆದಳು.

"ಆವತ್ತು ಅವನು ಫೋನ್ ತೆಗೆದಿದ್ದು ನಿನಗಲ್ಲ. ನನಗೆ. ನಿನ್ನ ಕಾಲ್ ಬರೋ ಮುಂಚೇನೇ ತೆಗೆದಿದ್ದ. ಇದೇ ಕೋಡು, ಇದೇ ಖಾತೆ. ನಾನು ಕಳಿಸು ಅಂದೆ. ಗಾಡಿ ಮೇಲಿದೀನಿ ಅಂದ. ಆದ್ರೂ ಕಳಿಸು ಅಂದೆ."

ನಾನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಶುರು ಮಾಡಲು ನನ್ನಿಂದ ಆಗುತ್ತಿರಲಿಲ್ಲ. "ಹನ್ನೊಂದು ಹನ್ನೊಂದಕ್ಕೆ ಕಳಿಸ್ದ. ಐದೇ ಅಂಕಿ ಬಂತು. ಆರನೇದು ಬರ್ಲಿಲ್ಲ. ನನಗೆ ಸಿಟ್ಟು ಬಂತು. ಆರರ ತನಕ ಎಣಿಸೋಕೂ ಬರಲ್ವಾ ನಿನಗೆ ಅಂತ ಬರೆದೆ. ಎರಡು ಸಲ ಬರೆದೆ. ಮರುದಿನ ಅದನ್ನೆಲ್ಲ ಅಳಿಸ್ದೆ. ಅಳಿಸಿ ಇಲ್ಲಿಗೆ ಬಂದೆ."

ಅವಳು ಫೋನ್ ಕೈಗೆತ್ತಿಕೊಂಡಳು. ಈಗ ಮೇಲಿನ ಮೆಸೇಜಿನ ಮೇಲೆ ಬೆರಳಿಟ್ಟಳು. ತಾರೀಖನ್ನು ಬಹಳ ಹೊತ್ತು ನೋಡಿದಳು.

"ಯಾವ ಐದು?" ಎಂದು ಕೇಳಿದಳು.

ನನಗೆ ಬಾಯಿಪಾಠವಾಗಿತ್ತು. "ನಾಲ್ಕು, ಸೊನ್ನೆ, ಏಳು, ಏಳು, ಎರಡು."

ಅವಳು ಒಂದೊಂದನ್ನೂ ಫೋನಿನಲ್ಲಿದ್ದ ಅಂಕಿಗೆ ಹೋಲಿಸಿಕೊಂಡಳು. ತುಟಿ ಅಲುಗುತ್ತಿತ್ತು. ಕೊನೆಗೆ, "ಒಂಬತ್ತು" ಅಂದಳು. "ಆರನೇದು ಒಂಬತ್ತು."

ನಾನು ಮೂರು ವರ್ಷ ಆ ಅಂಕಿ ಯಾವುದಿರಬಹುದು ಎಂದು ಯೋಚಿಸಿದ್ದೆ. ಅದು ಒಂಬತ್ತು ಎಂದು ಗೊತ್ತಾಗಿ ಏನೂ ಆಗಲಿಲ್ಲ. ಅಳು ಬಂತು, ತಡೆದುಕೊಂಡೆ. ಅಳುವ ಹಕ್ಕು ಆ ಕೋಣೆಯಲ್ಲಿ ನನಗಿರಲಿಲ್ಲ.

"ಅಷ್ಟು ಅರ್ಜೆಂಟ್ ಕೆಲಸ ಏನಿತ್ತು ಮೇಡಂ?" ಅವಳ ದನಿ ಮೆತ್ತಗಿತ್ತು. "ಆಸ್ಪತ್ರೆ ವಿಷಯ. ಯಾರದಾದ್ರೂ ಜೀವಕ್ಕೆ ಏನಾದ್ರೂ ಆಗಿತ್ತಾ?"

ಹೌದು ಅಂದುಬಿಡಬಹುದಿತ್ತು. ಅವಳೇ ನನಗೆ ದಾರಿ ಮಾಡಿಕೊಟ್ಟಿದ್ದಳು. "ಇಲ್ಲ" ಅಂದೆ. "ಹಳೇ ಮ್ಯಾನೇಜರ್ ರಿಟೈರ್ ಆಗಿದ್ರು. ಖಾತೆ ಮೇಲೆ ಅವರ ಹೆಸರೇ ಇತ್ತು. ಅದನ್ನ ತೆಗೆದು ಹೊಸಬರ ಹೆಸರು ಹಾಕ್ಬೇಕಿತ್ತು."

"ಹೆಸರು."

"ಹ್ಞೂಂ. ಸೋಮವಾರ ಮಾಡಿದ್ರೂ ಆಗ್ತಿತ್ತು. ಮುಂದಿನ ತಿಂಗಳು ಮಾಡಿದ್ರೂ ಆಗ್ತಿತ್ತು. ಶನಿವಾರ ನನಗೆ ಬೇರೆ ಕೆಲಸ ಇರ್ಲಿಲ್ಲ, ಅದಕ್ಕೆ ಹಿಡ್ಕೊಂಡು ಕೂತಿದ್ದೆ."

ಅವಳು ತಲೆಯಾಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಹೊಡೆದರೂ ಹೊಡೆಯಲಿ ಅಂದುಕೊಂಡಿದ್ದೆ. ಸಿಟ್ಟು ನನಗೆ ಗೊತ್ತಿರುವ ವಿಷಯ, ಅದರ ಎದುರು ನಿಲ್ಲುವುದು ನನಗೆ ಬರುತ್ತದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸುಸ್ತು ಮಾತ್ರ ಇತ್ತು, ಬಹಳ ದೂರ ತಪ್ಪು ದಾರಿಯಲ್ಲಿ ನಡೆದು ಬಂದವರಿಗೆ ಇರುವಂಥ ಸುಸ್ತು.

"ನಿಮ್ಮಮ್ಮನ ಹತ್ರ ನಾನೇ ಹೇಳ್ತೀನಿ" ಅಂದೆ. ಮಾತು ಬೇಗಬೇಗ ಬಂತು. "ನಿಮ್ಮ ಮಗಳ ತಪ್ಪಲ್ಲ, ನನ್ನದು ಅಂತ ಕಾಲಿಗೆ ಬಿದ್ದು ಹೇಳ್ತೀನಿ. ಮಾವನ ಮನೆ ಎಲ್ಲಿ ಹೇಳು. ಈಗಲೇ ಗಾಡಿ ತರಿಸ್ತೀನಿ, ಇಬ್ರೂ ಹೋಗೋಣ, ಸಂಜೆಯೊಳಗೆ ಕರ್ಕೊಂಡು ಬರೋಣ."

"ಅಮ್ಮ ಎಲ್ಲಿದಾಳೆ ಮೇಡಂ ಕರ್ಕೊಂಡು ಬರೋಕೆ? ಹೋಗಿ ಎಂಟು ತಿಂಗಳಾಯ್ತು."

"ಎಲ್ಲಿ?" ಅಂದೆ.

"ನಿಮ್ಮ ಆಸ್ಪತ್ರೆಗೇ ಸೇರ್ಸಿದ್ರು" ಅಂದಳು. "ಎರಡನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ. ಹತ್ತು ದಿನ ಇದ್ಲು. ದಿನಾ ಬರ್ತಿದ್ದೆ. ನಾನು ಒಳಗೆ ಬಂದ್ರೆ ಕಣ್ಣು ಮುಚ್ಕೊಂಡ್ಬಿಡ್ತಿದ್ಲು. ನರ್ಸು, ಏನಜ್ಜಿ, ಮಗಳು ಬಂದಿದಾಳೆ ನೋಡು ಅಂದ್ರೆ, ನನಗೆ ಮಗಳಿಲ್ಲ ಅಂತಿದ್ಲು. ಕೊನೇ ದಿನಾನೂ ಹಾಗೇ ಅಂದ್ಲು."

ಎರಡನೇ ಮಹಡಿ. ಆ ಹತ್ತು ದಿನವೂ ನಾನು ಅದೇ ಕಟ್ಟಡದ ಕೆಳಗೆ, ಲಾಂಡ್ರಿ ಪಕ್ಕದ ಕೋಣೆಯಲ್ಲಿ, ಕುರ್ಚಿಯ ಮೇಲೆ ಕೂತಿದ್ದೆ. ಯಾರಿಗೆ ಯಾವ ಹಾಸಿಗೆ ಎನ್ನುವುದೆಲ್ಲ ನನ್ನ ಯಂತ್ರಗಳಲ್ಲೇ ಇರುತ್ತದೆ. ಆ ಹೆಂಗಸಿನ ಹೆಸರೂ ನನ್ನ ಕಣ್ಣೆದುರಿನ ಪೆಟ್ಟಿಗೆಯೊಳಗೆ ಹತ್ತು ದಿನ ಇತ್ತು.

"ನನಗೆ ಗೊತ್ತಿರ್ಲಿಲ್ಲಮ್ಮ" ಅಂದೆ. ಅದು ನಿಜವಾಗಿತ್ತು, ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ.

"ಅವನು ಹೋಗಿದ್ದಕ್ಕೆ ನಿಮ್ಮನ್ನ ಏನೂ ಅನ್ನಲ್ಲ ಮೇಡಂ. ಫೋನ್ ಯಾರು ಬೇಕಾದ್ರೂ ಮಾಡ್ತಾರೆ. ನಾನೂ ಮಾಡಿದ್ನಲ್ಲ" ಅಂದಳು. ಆಮೇಲೆ ಫೋನನ್ನು ಪಕ್ಕಕ್ಕಿಟ್ಟು, "ಎಂಟು ತಿಂಗಳ ಹಿಂದೆ ಒಂದು ಸಲ ಬಂದು ಹೇಳಿದ್ರೆ ಆಗ್ತಿತ್ತು" ಅಂದಳು. "ಎರಡು ಮಹಡಿ ಹತ್ತಿ ಬಂದಿದ್ರೆ ಸಾಕಿತ್ತು."

ಅವಳು ಅಂಗಿಯ ತೋಳನ್ನು ಸೂಜಿಯ ಕೆಳಗೆ ಜೋಡಿಸಿ, ಚಕ್ರದ ಮೇಲೆ ಕೈ ಇಟ್ಟಳು. ತಿರುಗಿಸಲಿಲ್ಲ. ನಾನು ನಿಂತೇ ಇದ್ದೆ.

"ಹೋಗ್ತಾ ಬಾಗಿಲು ಎಳ್ಕೊಳ್ಳಿ ಮೇಡಂ" ಅಂದಳು, ನನ್ನ ಕಡೆ ನೋಡದೆ. "ಕೆಳಗಿನವರಿಗೆ ನಾನು ಅಳೋದು ಕೇಳ್ಸುತ್ತೆ."

ಬಾಗಿಲು ಎಳೆದುಕೊಂಡು ಬಂದೆ.